ಕೈಗಡಿಯಾರದ ಮೂರು ತಲೆಮಾರು: ಹೊಸತೆಲ್ಲವೂ ಮೇಲಾದುದೆ?

ಹೊಸದಾಗಿ ಬಂದ ಉಪಕರಣವು ಹಳೆಯದಕ್ಕಿಂತ ಮೇಲಾದುದೆಂಬುದನ್ನು ನಾವು ಸಾಮಾನ್ಯವಾಗಿ ವಿಚಾರಿಸದೆಯೇ ಒಪ್ಪಿಕೊಳ್ಳುತ್ತೇವೆ. ಅಂಗಡಿಯವರೂ ಜಾಹೀರಾತಿನವರೂ ಹಾಗೆ ಹೇಳುವುದು ಸಹಜ. ಅದು ಅವರ ವೃತ್ತಿ. ಇದಕ್ಕೆ ಇದಿರಾಗಿ, ಹಳೆಯದೇ ಗಟ್ಟಿ, ಹೊಸತೆಲ್ಲ ಟೊಳ್ಳು ಎಂದು ನಿಟ್ಟುಸಿರಿಡುವವರೂ ನಮ್ಮಲ್ಲಿ ಕಡಮೆಯಿಲ್ಲ. ಈ ಎರಡು ಮಾತುಗಳಲ್ಲಿಯೂ ಇರುವ ದೋಷ ಒಂದೇ: ಎರಡೂ ವಸ್ತುವಿನ ವಯಸ್ಸನ್ನೇ ಅದರ ಗುಣವೆಂದು ಭಾವಿಸುತ್ತವೆ. ಒಂದು ಉಪಕರಣದ ಯೋಗ್ಯತೆ ತಿಳಿಯಬೇಕಾದರೆ ಮೂರು ಪ್ರಶ್ನೆಗಳನ್ನು ಕೇಳಬೇಕು. ಅದು ಯಾವ ಕೆಲಸಕ್ಕಾಗಿ ಹುಟ್ಟಿತೋ ಆ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡುತ್ತದೆ? ಕೆಟ್ಟಾಗ ಅದನ್ನು ಯಾರು ಸರಿಪಡಿಸಬಲ್ಲರು? ತನ್ನ ಒಡೆಯನಿಂದ ಅದು ದಿನದಿನವೂ ಏನನ್ನು ಬೇಡುತ್ತದೆ?

ಈ ಮೂರು ಪ್ರಶ್ನೆಗಳನ್ನು ಕೈಗಡಿಯಾರಕ್ಕೆ ಅನ್ವಯಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಕೈಗಡಿಯಾರವನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಒಂದು ಮನುಷ್ಯಾಯುಷ್ಯದೊಳಗೆ ಅದರ ಮೂರು ತಲೆಮಾರುಗಳು ನಮ್ಮ ಕೈಗೆ ಬಂದಿವೆ: ಕೀಲಿ ಕೊಡುವ ಗಡಿಯಾರ, ಬೆಣಚುಕಲ್ಲಿನ ಅಥವಾ ಕ್ವಾರ್ಟ್ಜ್ ಗಡಿಯಾರ, ಮತ್ತು ಈಗಿನ ಸ್ಮಾರ್ಟ್‌ವಾಚ್. ಅಲ್ಲದೆ, ಈ ಕಥೆಯ ಭಾರತೀಯ ಅಧ್ಯಾಯವು ಬಹುಮಟ್ಟಿಗೆ ನಡೆದುದು ಕನ್ನಡ ನಾಡಿನಲ್ಲಿ. ಆದುದರಿಂದ ಹೊರನಾಡಿನಲ್ಲಿರುವ ನಮಗೂ ಅದು ದೂರದ ವಿಷಯವಲ್ಲ.

೧. ಗಳಿಗೆಬಟ್ಟಲಿನಿಂದ ಲೋಲಕದವರೆಗೆ

ಪ್ರಾಚೀನ ಭಾರತದಲ್ಲಿ ಕಾಲವನ್ನಳೆಯುತ್ತಿದ್ದ ಸಾಧನಗಳಲ್ಲಿ ಗಳಿಗೆಬಟ್ಟಲು ಪ್ರಸಿದ್ಧವಾದುದು. ತಳದಲ್ಲಿ ಸೂಕ್ಷ್ಮ ರಂಧ್ರವುಳ್ಳ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ, ಅದು ತುಂಬಿ ಮುಳುಗುವಷ್ಟರಲ್ಲಿ ಒಂದು ಘಟಿಕೆ, ಎಂದರೆ ೨೪ ನಿಮಿಷ, ಕಳೆಯುತ್ತಿತ್ತು. ಒಂದು ಹಗಲೂ ಒಂದು ಇರುಳೂ ಸೇರಿದರೆ ಇಂಥವು ೬೦. ‘ಘಟಿಕಾ’ ಶಬ್ದದ ತದ್ಭವವಾದ ‘ಗಳಿಗೆ’ ಇಂದಿಗೂ ನಮ್ಮ ಆಡುಮಾತಿನಲ್ಲಿ ಉಳಿದಿದೆ. ಈ ಸಾಧನದಲ್ಲಿ ಕೆಡುವ ಭಾಗವೆಂಬುದೇ ಇಲ್ಲವೆನ್ನಬಹುದು. ಆದರೆ ಬಟ್ಟಲು ಮುಳುಗಿದೊಡನೆ ಅದನ್ನೆತ್ತಿ ಮತ್ತೆ ತೇಲಿಬಿಡುವುದಕ್ಕೆ ಒಬ್ಬ ಆಳು ಹಗಲಿರುಳೂ ಕಾದಿರಬೇಕು. ಉಪಕರಣ ಸರಳ, ಅದರ ಸೇವೆ ಮಾತ್ರ ದುಬಾರಿ. ದೇವಾಲಯಕ್ಕೋ ಅರಮನೆಗೋ ಅದು ಸಾಧ್ಯವಾಗಬಹುದಿತ್ತೇ ಹೊರತು ಸಾಮಾನ್ಯ ಗೃಹಸ್ಥನಿಗೆ ಸಾಧ್ಯವಿರಲಿಲ್ಲ.

ಯೂರೋಪಿನಲ್ಲಿ ಬೆಳೆದ ಯಂತ್ರ ಗಡಿಯಾರವು ಈ ಆಳನ್ನು ಬಿಡುಗಡೆ ಮಾಡಿತು. ಆದರೆ ಮೊದಮೊದಲು ಅದು ದಿನಕ್ಕೆ ಕಾಲು ಗಂಟೆಯಷ್ಟು ತಪ್ಪುತ್ತಿತ್ತು. ಹಾಲೆಂಡಿನ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸನು ೧೬೫೬ರಲ್ಲಿ ಗಡಿಯಾರಕ್ಕೆ ಲೋಲಕವನ್ನು ಅಳವಡಿಸಿದ ಮೇಲೆ, ದಿನಕ್ಕೆ ಕಾಲು ಗಂಟೆಯಿದ್ದ ತಪ್ಪು ಸುಮಾರು ಕಾಲು ನಿಮಿಷಕ್ಕೆ ಇಳಿಯಿತು. ಲೋಲಕವುಳ್ಳ ಗಡಿಯಾರವನ್ನು ಕೈಯಲ್ಲಿ ಕಟ್ಟಿಕೊಂಡು ತಿರುಗಲಾಗದು. ೧೬೭೫ರಲ್ಲಿ ಅವನೇ ಲೋಲಕಕ್ಕೆ ಬದಲಾಗಿ ಒಂದು ತೂಗುಚಕ್ರವನ್ನೂ ಅದನ್ನು ಹಿಂದಕ್ಕೂ ಮುಂದಕ್ಕೂ ಆಡಿಸುವ ಕೂದಲೆಳೆಯಂಥ ಸುರುಳಿ ಕಮಾನನ್ನೂ ಬಳಸಿ ಗಡಿಯಾರವನ್ನು ಮಾಡಿಸಿದನು. ಕೀಲಿ ಕೊಡುವ ಕೈಗಡಿಯಾರವೆಲ್ಲವೂ ಮೂಲತಃ ಈ ತತ್ತ್ವದ ಮೇಲೆಯೇ ನಡೆಯುತ್ತದೆ.

೨. ಕೀಲಿಯ ಗಡಿಯಾರ

ನಾವು ಕೀಲಿ ಕೊಡುವಾಗ — ಉತ್ತರ ಕರ್ನಾಟಕದವರೂ ಮುಂಬಯಿಯ ನಮ್ಮವರೂ ಇದನ್ನೇ ‘ಚಾವಿ ಕೊಡುವುದು’ ಎನ್ನುವರು — ಒಳಗಿನ ಉದ್ದವಾದ ಉಕ್ಕಿನ ಪಟ್ಟಿಯೊಂದು ಸುರುಳಿಯಾಗಿ ಬಿಗಿಯುತ್ತದೆ. ಅದು ಬಿಚ್ಚಿಕೊಳ್ಳಲು ತವಕಿಸುವಾಗ ಹಲ್ಲುಚಕ್ರಗಳ ಸಾಲೊಂದು ತಿರುಗಬೇಕು. ಆದರೆ ತೂಗುಚಕ್ರವು ಒಮ್ಮೆ ಆಡಿದಾಗ ಒಂದೇ ಒಂದು ಹಲ್ಲು ಮುಂದಕ್ಕೆ ಹೋಗುವಂತೆ ಒಂದು ಕೊಂಡಿ ಅದನ್ನು ತಡೆದು ತಡೆದು ಬಿಡುತ್ತದೆ. ನಮಗೆ ಕೇಳಿಸುವ ‘ಟಿಕ್ ಟಿಕ್’ ಸದ್ದು ಈ ತಡೆಯುವಿಕೆಯ ಸದ್ದು. ಸಾಮಾನ್ಯ ಗಡಿಯಾರದಲ್ಲಿ ಇದು ಸೆಕೆಂಡಿಗೆ ೫ ಸಲ, ಗಂಟೆಗೆ ೧೮,೦೦೦ ಸಲ, ದಿನಕ್ಕೆ ೪,೩೨,೦೦೦ ಸಲ ನಡೆಯುವುದು. ಇಷ್ಟು ದುಡಿದೂ ದಿನಕ್ಕೆ ೨೦ ಸೆಕೆಂಡು ತಪ್ಪಿದರೆ, ಆ ತಪ್ಪು ೪,೩೨೦ಕ್ಕೆ ಒಂದು ಭಾಗ ಮಾತ್ರ. ರೂಪಾಯಿಯಗಲದ ಯಂತ್ರವೊಂದು, ಬೆರಳಿನ ಬಲವನ್ನಲ್ಲದೆ ಬೇರೇನನ್ನೂ ಬೇಡದೆ, ಒಂದೂವರೆ ದಿನ ಹೀಗೆ ನಡೆಯುವುದು ಸಣ್ಣ ಸಾಧನೆಯಲ್ಲ.

ಸ್ವಾತಂತ್ರ್ಯಾನಂತರದ ಮೊದಲ ವರ್ಷಗಳಲ್ಲಿ ನಮ್ಮ ದೇಶದಲ್ಲಿ ಒಳ್ಳೆಯ ಕೈಗಡಿಯಾರವೆಂದರೆ ಪರದೇಶದ ಗಡಿಯಾರವೆಂದೇ ಅರ್ಥವಾಗಿತ್ತು. ೧೯೫೩ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದುಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯು ಜಪಾನಿನ ಸಿಟಿಝನ್ ಸಂಸ್ಥೆಯ ಸಹಯೋಗದಿಂದ ೧೯೬೧ರಲ್ಲಿ ಅಲ್ಲಿಯೇ ಗಡಿಯಾರದ ಕಾರ್ಖಾನೆಯನ್ನು ತೆರೆಯಿತು. ಮೊದಲ ಗಡಿಯಾರಗಳನ್ನು ಪ್ರಧಾನಿ ಜವಾಹರಲಾಲ ನೆಹರೂ ಅವರು ಬಿಡುಗಡೆ ಮಾಡಿದರು. ಮುಂದೆ ತುಮಕೂರಿನಲ್ಲಿಯೂ ಕಾರ್ಖಾನೆಯಾಯಿತು. ‘ಜನತಾ’, ‘ಪೈಲಟ್’, ‘ಸೋನಾ’ ಮೊದಲಾದ ಹೆಸರಿನ ಎಚ್.ಎಂ.ಟಿ. ಗಡಿಯಾರಗಳು ಗುಮಾಸ್ತರ, ಉಪಾಧ್ಯಾಯರ, ಮದುಮಕ್ಕಳ ಕೈಗಳಲ್ಲಿ ಕಾಣಿಸಿಕೊಂಡವು. ಕಣ್ಣಿಲ್ಲದವರು ಬೆರಳಿನಿಂದ ಮುಟ್ಟಿ ಹೊತ್ತನ್ನರಿಯುವ ಬ್ರೈಲ್ ಗಡಿಯಾರವನ್ನೂ ಈ ಸಂಸ್ಥೆ ತಯಾರಿಸಿತು.

ಇಂಥ ಗಡಿಯಾರದ ದೊಡ್ಡ ಗುಣವೆಂದರೆ ಅದರ ಪ್ರತಿಯೊಂದು ಭಾಗವೂ ಬೇರೆ ಬೇರೆ ಬಿಚ್ಚಿಬರುವಂಥದು. ಒಂದೇ ಬಗೆಯ ಒಳಯಂತ್ರವನ್ನು ಹಲವು ಮಾದರಿಗಳಲ್ಲಿ ಬಳಸುತ್ತಿದ್ದುದರಿಂದ, ಕೆಟ್ಟುಹೋದ ಗಡಿಯಾರದ ಚಕ್ರವು ಮತ್ತೊಂದಕ್ಕೆ ಜೀವದಾನ ಮಾಡಬಹುದಿತ್ತು. ಬೀದಿಯ ಮೂಲೆಯಲ್ಲಿ ಗಾಜಿನ ಪೆಟ್ಟಿಗೆಯ ಹಿಂದೆ, ಕಣ್ಣಿಗೆ ಭೂತಗನ್ನಡಿಯನ್ನು ಸಿಕ್ಕಿಸಿಕೊಂಡು ಕುಳಿತ ಕುಶಲಿಯು ಸಣ್ಣ ತಿರುಪುಳಿ, ಚಿಮುಟ, ಎಣ್ಣೆಯ ಹನಿ — ಇಷ್ಟರಿಂದಲೇ ಅದನ್ನು ಸರಿಪಡಿಸಬಲ್ಲವನಾಗಿದ್ದನು. ಉಪಕರಣದ ಜ್ಞಾನವು ಕಾರ್ಖಾನೆಯ ಗೋಡೆಯೊಳಗೆ ಉಳಿಯದೆ ಊರೂರಿಗೂ ಹರಡಿತ್ತು.

ಆದರೆ ಹಳೆಯದನ್ನು ಹೊಗಳುವಾಗ ಅದರ ದೋಷಗಳನ್ನು ಮರೆಯುವುದು ನ್ಯಾಯವಲ್ಲ. ಒಳಗಿನ ಎಣ್ಣೆ ಕೆಲವು ವರ್ಷಗಳಲ್ಲಿ ಒಣಗುವುದು. ಆಗ ಬಿಚ್ಚಿ ತೊಳೆದು ಮತ್ತೆ ಎಣ್ಣೆ ಹಾಕದಿದ್ದರೆ ಚಕ್ರಗಳು ಸವೆಯುವುವು. ಕೈತಪ್ಪಿ ಬಿದ್ದರೆ ತೂಗುಚಕ್ರದ ಅಚ್ಚು ಮುರಿಯುವ ಭಯ. ಅಯಸ್ಕಾಂತದ ಬಳಿ ಇಟ್ಟರೆ ಕಮಾನಿನ ಗತಿ ಕೆಡುವುದು. ಮುಂಬಯಿ, ಮಂಗಳೂರುಗಳಂಥ ಕಡಲತೀರದ ಊರಿನ ಮಳೆಗಾಲದಲ್ಲಿ ಗಾಜಿನೊಳಗೆ ಹಬೆ ಕಟ್ಟುವುದು. ಕತ್ತಲೆಯಲ್ಲಿ ಹೊಳೆಯುತ್ತಿದ್ದ ಹಳೆಯ ಮುಳ್ಳುಗಳ ಕಥೆಯಂತೂ ದಾರುಣವಾದುದು. ಅವಕ್ಕೆ ರೇಡಿಯಂ ಬೆರೆಸಿದ ಬಣ್ಣವನ್ನು ಬಳಿಯುತ್ತಿದ್ದರು. ಅಮೆರಿಕದ ಕಾರ್ಖಾನೆಗಳಲ್ಲಿ ಈ ಕೆಲಸ ಮಾಡುತ್ತಿದ್ದ ಹುಡುಗಿಯರು ಕುಂಚದ ತುದಿಯನ್ನು ತುಟಿಗಳ ನಡುವೆ ಚೂಪು ಮಾಡಿಕೊಳ್ಳಬೇಕಾಗಿದ್ದಿತು. ಹೀಗೆ ವಿಷವು ಮೈಸೇರಿ ದವಡೆಯ ಎಲುಬು ಕೊಳೆತು ಅನೇಕರು ಸತ್ತರು. ನ್ಯೂಜರ್ಸಿಯ ಐವರು ಸ್ತ್ರೀಯರು ಹೂಡಿದ ಮೊಕದ್ದಮೆ ೧೯೨೮ರಲ್ಲಿ ರಾಜಿಯಲ್ಲಿ ಮುಗಿಯಿತು. ಇಂದಿನ ಗಡಿಯಾರಗಳಲ್ಲಿ ಬೆಳಕನ್ನು ಹೀರಿ ಹೊಳೆಯುವ ನಿರಪಾಯವಾದ ಬಣ್ಣವಿದೆ. ಹೊಸದು ಹಳೆಯದಕ್ಕಿಂತ ನಿಸ್ಸಂದೇಹವಾಗಿ ಮೇಲಾದ ಒಂದು ಉದಾಹರಣೆ ಇದು.

೩. ಬೆಣಚುಕಲ್ಲಿನ ಗಡಿಯಾರ

ಬೆಣಚುಕಲ್ಲಿನ ಹರಳನ್ನು ಒತ್ತಿದರೆ ಅದರಲ್ಲಿ ವಿದ್ಯುತ್ತು ಹುಟ್ಟುವುದೆಂಬುದನ್ನು ಫ್ರಾನ್ಸಿನ ಪಿಯರ್ ಮತ್ತು ಜಾಕ್ ಕ್ಯೂರಿ ಸೋದರರು ೧೮೮೦ರಲ್ಲಿ ಕಂಡುಹಿಡಿದರು. ಇದರ ವಿಪರ್ಯಾಸವೂ ಸತ್ಯ: ಹರಳಿಗೆ ವಿದ್ಯುತ್ತನ್ನು ಹರಿಸಿದರೆ ಅದು ಮಿಡಿಯುತ್ತದೆ, ಮತ್ತು ಆ ಮಿಡಿತ ಅತ್ಯಂತ ಸಮವಾದುದು. ಈ ಗುಣವನ್ನು ಬಳಸಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ವಾರನ್ ಮಾರಿಸನ್ ಮತ್ತು ಅವನ ಸಹೋದ್ಯೋಗಿ ಹಾರ್ಟನ್ ೧೯೨೭ರಲ್ಲಿ ಮೊದಲ ಕ್ವಾರ್ಟ್ಜ್ ಗಡಿಯಾರವನ್ನು ರಚಿಸಿದರು. ಆದರೆ ಅದು ಕೈಗೆ ಕಟ್ಟುವ ಗಾತ್ರದ್ದಾಗಿರಲಿಲ್ಲ. ಕೈಗಡಿಯಾರದ ಗಾತ್ರಕ್ಕೆ ಇಳಿಸಿದುದು ಜಪಾನಿನ ಸೈಕೋ ಸಂಸ್ಥೆ. ೧೯೬೯ರ ಡಿಸೆಂಬರ್ ೨೫ರಂದು ಟೋಕಿಯೋದಲ್ಲಿ ಮಾರಾಟಕ್ಕೆ ಬಂದ ಅದರ ‘ಆಸ್ಟ್ರಾನ್’ ಗಡಿಯಾರದ ಬೆಲೆ ೪,೫೦,೦೦೦ ಯೆನ್. ಆಗಿನ ಒಂದು ಸಣ್ಣ ಮೋಟಾರು ಕಾರಿನ ಬೆಲೆಗೆ ಸಮ.

ಈಗ ರೂಢಿಯಲ್ಲಿರುವ ಗಡಿಯಾರಗಳಲ್ಲಿ ಹರಳನ್ನು ಕವಲುಕಡ್ಡಿಯ ಆಕಾರದಲ್ಲಿ ಕೊರೆದಿರುತ್ತಾರೆ. ಅದು ಸೆಕೆಂಡಿಗೆ ೩೨,೭೬೮ ಸಲ ಮಿಡಿಯುತ್ತದೆ. ಈ ಸಂಖ್ಯೆ ಆಕಸ್ಮಿಕವಲ್ಲ. ಇದನ್ನು ೧೫ ಸಲ ಅರ್ಧ ಮಾಡುತ್ತ ಹೋದರೆ ನಿಖರವಾಗಿ ಒಂದು ಉಳಿಯುವುದು. ಆ ಒಂದು ಮಿಡಿತವೇ ಸೆಕೆಂಡಿನ ಮುಳ್ಳನ್ನು ಒಂದು ಹೆಜ್ಜೆ ನೂಕುವುದು. ಸಾಧಾರಣ ಕ್ವಾರ್ಟ್ಜ್ ಗಡಿಯಾರವು ತಿಂಗಳಿಗೆ ೧೫ ಸೆಕೆಂಡು, ಎಂದರೆ ದಿನಕ್ಕೆ ಅರ್ಧ ಸೆಕೆಂಡು ತಪ್ಪಬಹುದು. ದಿನಕ್ಕೆ ೨೦ ಸೆಕೆಂಡು ತಪ್ಪುವ ಕೀಲಿಯ ಗಡಿಯಾರಕ್ಕಿಂತ ಇದು ೪೦ ಪಟ್ಟು ಮೇಲು. ಮೊದಲನೆಯ ಪ್ರಶ್ನೆಗೆ ಇಲ್ಲಿ ಉತ್ತರ ಸ್ಪಷ್ಟವಾಗಿದೆ.

ಆದರೆ ಸಾಮಾನ್ಯನಿಗೆ ಈ ೪೦ ಪಟ್ಟು ನಿಖರತೆಯಿಂದ ಎಷ್ಟು ಪ್ರಯೋಜನವಾಯಿತು? ಮುಂಬಯಿಯ ಇತಿಹಾಸವೇ ಇದಕ್ಕೆ ಒಂದು ಸ್ವಾರಸ್ಯವಾದ ಉತ್ತರವನ್ನು ಕೊಡುತ್ತದೆ. ೧೯೦೬ರಲ್ಲಿ ಭಾರತೀಯ ನಿಯತಕಾಲವು ಜಾರಿಗೆ ಬಂದಿತು. ಅದು ಗ್ರೀನಿಚ್ ಕಾಲಕ್ಕಿಂತ ೫ ಗಂಟೆ ೩೦ ನಿಮಿಷ ಮುಂದು. ಮುಂಬಯಿಯ ಸ್ಥಳೀಯ ಕಾಲವಾದರೋ ೪ ಗಂಟೆ ೫೧ ನಿಮಿಷ ಮುಂದು. ಹೊಸ ಕಾಲವನ್ನು ಒಪ್ಪದ ನಗರವು ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ತನ್ನ ಹಳೆಯ ಕಾಲವನ್ನು ಪೂರ್ತಿಯಾಗಿ ಬಿಡಲಿಲ್ಲ. ೩೯ ನಿಮಿಷಗಳ ಅಂತರವುಳ್ಳ ಎರಡು ಕಾಲಗಳನ್ನಿಟ್ಟುಕೊಂಡೇ ಆ ಮಹಾನಗರದ ವ್ಯಾಪಾರವೂ ನ್ಯಾಯಾಲಯಗಳೂ ರೈಲುಗಳೂ ನಡೆದವು. ಇದರಿಂದ ತಿಳಿಯುವುದಿಷ್ಟು: ನಿತ್ಯಜೀವನದಲ್ಲಿ ನಮಗೆ ಮುಖ್ಯವಾಗಿ ಬೇಕಾದುದು ಸೆಕೆಂಡಿನ ನಿಖರತೆಯಲ್ಲ, ಯಾರೊಡನೆ ವ್ಯವಹರಿಸುತ್ತೇವೆಯೋ ಅವರ ಗಡಿಯಾರದೊಡನೆ ನಮ್ಮ ಗಡಿಯಾರದ ಹೊಂದಾಣಿಕೆ. ಆಕಾಶವಾಣಿಯ ವಾರ್ತೆಗೆ ಮುನ್ನ ಕೇಳಿಬರುತ್ತಿದ್ದ ‘ಪೀಂ ಪೀಂ’ ಸದ್ದಿಗೆ ಮುಳ್ಳನ್ನು ಸರಿಮಾಡಿಕೊಂಡವನಿಗೆ ಕೀಲಿಯ ಗಡಿಯಾರವೇ ರೈಲು ಹಿಡಿಯಲು ಸಾಕಾಗುತ್ತಿತ್ತು.

ಆದಕಾರಣ ಬೆಣಚುಕಲ್ಲಿನ ಗಡಿಯಾರವು ಸಾಮಾನ್ಯನಿಗೆ ಮಾಡಿದ ನಿಜವಾದ ಉಪಕಾರವನ್ನು ಬೇರೆ ಕಡೆ ಹುಡುಕಬೇಕು. ಅದು ಬೆಲೆಯಲ್ಲಿದೆ. ಒಂದು ಕಾರಿನ ಬೆಲೆಗೆ ಹುಟ್ಟಿದ ಈ ಗಡಿಯಾರವು ಎರಡು ದಶಕಗಳೊಳಗೆ ಒಂದು ಹೊತ್ತಿನ ಊಟದ ಬೆಲೆಗೂ ದೊರೆಯುವಂತಾಯಿತು. ಮದುವೆಯಲ್ಲಿ ಮಾವನ ಮನೆಯಿಂದ ಬರುವ ಗಡಿಯಾರಕ್ಕಾಗಿ ಕಾಯಬೇಕಾಗಿದ್ದ ಕಾಲ ಹೋಗಿ, ಶಾಲೆಯ ಹುಡುಗನಿಗೂ ಹೂ ಮಾರುವವಳಿಗೂ ಹೊತ್ತು ನೋಡುವ ಸಾಧನ ದಕ್ಕಿತು. ಇದು ದೊಡ್ಡ ಲಾಭ.

ಈ ಲಾಭಕ್ಕೆ ತೆತ್ತ ಬೆಲೆಯೂ ದೊಡ್ಡದೇ. ೧೯೭೦ರ ಸುಮಾರಿಗೆ ೯೦,೦೦೦ದಷ್ಟಿದ್ದ ಸ್ವಿಸ್ ಗಡಿಯಾರದ ಕೆಲಸಗಾರರ ಸಂಖ್ಯೆ ೧೯೮೦ರ ದಶಕದ ನಡುವಿನ ಹೊತ್ತಿಗೆ ೩೦,೦೦೦ದ ಆಸುಪಾಸಿಗೆ ಇಳಿಯಿತು. ನಮ್ಮಲ್ಲಿ ೧೯೮೪ರಲ್ಲಿ ಹುಟ್ಟಿ ಬೆಂಗಳೂರಿಗೆ ಸಮೀಪದ ಹೊಸೂರಿನಲ್ಲಿ ಕಾರ್ಖಾನೆಯನ್ನು ಕಟ್ಟಿದ ಟೈಟನ್ ಸಂಸ್ಥೆ ಕ್ವಾರ್ಟ್ಜನ್ನೇ ನೆಚ್ಚಿ ಮುಂದುವರಿಯಿತು. ಎಚ್.ಎಂ.ಟಿ.ಯೂ ಕ್ವಾರ್ಟ್ಜ್ ಗಡಿಯಾರಗಳನ್ನು ಮಾಡಿತು. ಆದರೆ ಅದರ ಹೆಸರೂ ಬಲವೂ ಕೀಲಿಯ ಗಡಿಯಾರದಲ್ಲಿತ್ತು. ವರ್ಷಗಟ್ಟಲೆ ನಷ್ಟವನ್ನನುಭವಿಸಿದ ಅದರ ಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸರಕಾರ ೨೦೧೬ರ ಜನವರಿಯಲ್ಲಿ ನಿರ್ಧರಿಸಿತು.

ಬೀದಿಯ ಕುಶಲಿಯೂ ಬದಲಾದನು. ಅಗ್ಗದ ಕ್ವಾರ್ಟ್ಜ್ ಗಡಿಯಾರದ ಒಳಭಾಗ ಕೆಟ್ಟರೆ ಅದನ್ನು ಸರಿಪಡಿಸುವುದಕ್ಕಿಂತ ಇಡಿಯಾಗಿ ಬದಲಿಸುವುದೇ ಅಗ್ಗ. ಚಕ್ರದ ಅಚ್ಚನ್ನು ಕಡೆಯಬಲ್ಲ ಕೈ ಎರಡು ಮೂರು ವರ್ಷಕ್ಕೊಮ್ಮೆ ಬ್ಯಾಟರಿ ಹಾಕುವ ಕೈಯಾಯಿತು. ಆದರೂ ಆ ಕೈ ಊರಿನಲ್ಲಿಯೇ ಉಳಿಯಿತು, ಬ್ಯಾಟರಿಯೂ ಎಲ್ಲ ಅಂಗಡಿಗಳಲ್ಲಿ ದೊರೆಯಿತು ಎಂಬುದನ್ನು ಗಮನಿಸಬೇಕು. ಎಚ್.ಎಂ.ಟಿ.ಗೆ ಗಡಿಯಾರದ ವಿದ್ಯೆಯನ್ನು ಕಲಿಸಿದ ಸಿಟಿಝನ್ ಸಂಸ್ಥೆಯೇ ೧೯೭೬ರಲ್ಲಿ ಬೆಳಕಿನಿಂದ ನಡೆಯುವ, ಮುಳ್ಳುಗಳುಳ್ಳ ಕ್ವಾರ್ಟ್ಜ್ ಗಡಿಯಾರವನ್ನು ಹೊರತಂದಿತು. ಅದಕ್ಕೆ ಕೀಲಿಯೂ ಬೇಡ, ಆಗಾಗ ಬ್ಯಾಟರಿ ಬದಲಿಸುವುದೂ ಬೇಡ. ಒಡೆಯನಿಂದ ಏನನ್ನು ಬೇಡುತ್ತದೆ ಎಂಬ ಮೂರನೆಯ ಪ್ರಶ್ನೆಗೆ ಇಷ್ಟು ಒಳ್ಳೆಯ ಉತ್ತರವನ್ನು ಕೊಡುವ ಕೈಗಡಿಯಾರ ವಿರಳ.

೪. ಮೂರನೆಯ ತಲೆಮಾರು

ಸ್ಮಾರ್ಟ್‌ವಾಚನ್ನು ಗಡಿಯಾರವೆಂದು ಕರೆಯುವುದು ರೂಢಿಯ ಮಾತು. ವಾಸ್ತವವಾಗಿ ಅದು ಕೈಗೆ ಕಟ್ಟಿದ ಒಂದು ಗಣಕಯಂತ್ರ. ೨೦೧೫ರಲ್ಲಿ ಮಾರಾಟಕ್ಕೆ ಬಂದ ಆಪಲ್ ವಾಚ್ ಇದರ ಪ್ರಸಿದ್ಧ ಮಾದರಿ. ಕಾಲವನ್ನು ತೋರಿಸುವ ಕೆಲಸದಲ್ಲಿ ಇದು ಹಿಂದಿನ ಎರಡಕ್ಕಿಂತಲೂ ಮೇಲು, ಏಕೆಂದರೆ ಅಂತರ್ಜಾಲದ ಮೂಲಕ ಲೋಕದ ನಿಯತಕಾಲದೊಡನೆ ತನ್ನನ್ನು ತಾನೇ ಸರಿಹೊಂದಿಸಿಕೊಳ್ಳುತ್ತದೆ. ಆದರೆ ಈ ಹೆಚ್ಚಿನ ನಿಖರತೆಯಿಂದ ನಮಗಾಗುವ ಲಾಭ ಶೂನ್ಯಪ್ರಾಯವೆಂಬುದನ್ನು ಮೇಲೆಯೇ ಕಂಡೆವು.

ಇನ್ನು ಅದು ಬೇಡುವುದೇನು? ಮೊದಲ ಆಪಲ್ ವಾಚಿಗೆ ತಯಾರಕರೇ ಹೇಳಿದ ಬ್ಯಾಟರಿಯ ಬಾಳಿಕೆ ೧೮ ಗಂಟೆ. ಕೀಲಿಯ ಗಡಿಯಾರವಾದರೋ ಒಮ್ಮೆ ಬಿಗಿದರೆ ಒಂದೂವರೆ ದಿನ ನಡೆಯುತ್ತಿತ್ತು. ಕೆಲವು ತಯಾರಕರ ಗಡಿಯಾರಗಳು ಈಗ ಹಲವು ದಿನ ನಡೆಯುವುವಾದರೂ, ಬಹು ಮಂದಿಯ ಪಾಲಿಗೆ ದಿನಕ್ಕೊಮ್ಮೆಯ ಸೇವೆ ಮರಳಿ ಬಂದಿದೆ. ಭೇದವೇನೆಂದರೆ, ಅಂದು ಅರ್ಧ ನಿಮಿಷ ಬೆರಳಾಡಿಸಿದರೆ ಸಾಕಾಗುತ್ತಿತ್ತು. ಇಂದು ವಿದ್ಯುತ್ತು, ಅದಕ್ಕೆ ತಕ್ಕ ತಂತಿ ಮತ್ತು ಒಂದೆರಡು ಗಂಟೆ ಬೇಕು. ಗಳಿಗೆಬಟ್ಟಲಿನ ಆಳಿನ ಕೆಲಸವು ಬೇರೊಂದು ರೂಪದಲ್ಲಿ ಒಡೆಯನ ಪಾಲಿಗೇ ಬಂದಂತಾಯಿತು.

ಎರಡನೆಯ ಪ್ರಶ್ನೆಯಲ್ಲಿ ಇದು ಸಂಪೂರ್ಣವಾಗಿ ಸೋಲುತ್ತದೆ. ಅಂಟಿನಿಂದ ಮುಚ್ಚಿದ ಒಡಲನ್ನು ಬೀದಿಯ ಕುಶಲಿ ಸುಲಭವಾಗಿ ತೆರೆಯಲಾರನು. ಲಿಥಿಯಂ ಬ್ಯಾಟರಿ ಕೆಲವು ನೂರು ಸಲ ತುಂಬಿದ ಮೇಲೆ ಸಹಜವಾಗಿಯೇ ಬಲಗುಂದುತ್ತದೆ. ಇವೆರಡಕ್ಕಿಂತಲೂ ಹೊಸದಾದ ಒಂದು ಮರಣವಿಧಾನವುಂಟು: ಯಂತ್ರ ಕೆಡದಿದ್ದರೂ ಅದರ ತಂತ್ರಾಂಶ ಹಳತಾಗುವುದು. ೨೦೧೫ರ ಆಪಲ್ ವಾಚಿನಲ್ಲಿ ೧೦,೦೦೦ ಡಾಲರಿಗೂ ಮೇಲ್ಪಟ್ಟ ಬೆಲೆಯ ಚಿನ್ನದ ಮಾದರಿಯೊಂದಿತ್ತು. ೨೦೧೮ರಲ್ಲಿ ಬಂದ ಹೊಸ ತಂತ್ರಾಂಶವು ಅಗ್ಗದ ಮಾದರಿಯಂತೆಯೇ ಈ ಚಿನ್ನದ ಮಾದರಿಗೂ ದೊರೆಯಲಿಲ್ಲ. ಮೂರು ವರ್ಷಗಳಲ್ಲಿ ಚಿನ್ನ ಮಾಸಲಿಲ್ಲ. ಆದರೆ ಗಡಿಯಾರವು ಮುದಿಯಾಯಿತು. ತಂದೆಯ ಎಚ್.ಎಂ.ಟಿ.ಯನ್ನು ಮಗನು ಕಟ್ಟಿಕೊಂಡಂತೆ ಇದನ್ನು ಮುಂದಿನ ಪೀಳಿಗೆ ಕಟ್ಟಿಕೊಳ್ಳಲಾರದು.

ಹಾಗಾದರೆ ಇದು ನಿಷ್ಪ್ರಯೋಜಕವೆ? ಅಲ್ಲ. ನಾಡಿಯ ಬಡಿತವನ್ನು ಎಣಿಸುವುದು ಇದಕ್ಕೆ ಸಾಧ್ಯ. ೨೦೧೮ರ ಆಪಲ್ ಮಾದರಿಯಿಂದೀಚೆಗೆ, ಕಟ್ಟಿಕೊಂಡವನು ಜಾರಿ ಬಿದ್ದುದನ್ನು ಅರಿತು ಸಹಾಯಕ್ಕೆ ಕರೆಯುವುದೂ ಹೃದಯದ ವಿದ್ಯುತ್ ರೇಖೆಯನ್ನು ದಾಖಲಿಸುವುದೂ ಸಾಧ್ಯವಾಗಿವೆ. ಮಕ್ಕಳು ದೂರದ ಊರಿನಲ್ಲಿರುವಾಗ ಒಂಟಿಯಾಗಿ ಬಾಳುವ ವೃದ್ಧರಿಗೆ ಇದು ಅಲ್ಪವಾದ ನೆರವಲ್ಲ. ಕಣ್ಣಿಲ್ಲದವರಿಗೆ ಇದು ಹೊತ್ತನ್ನು ಬಾಯಿಬಿಟ್ಟು ಹೇಳುತ್ತದೆ. ಆದರೆ ಇವು ಗಡಿಯಾರದ ಕೆಲಸದಲ್ಲಾದ ಸುಧಾರಣೆಗಳಲ್ಲ, ಬೇರೆ ಕೆಲಸಗಳು. ಈ ಕೆಲಸಗಳು ಬೇಕಾದವನು ಇದನ್ನು ಕೊಳ್ಳುವುದು ವಿವೇಕ. ಹೊತ್ತು ನೋಡುವುದಷ್ಟೇ ಬೇಕಾದವನಿಗೆ ಹೆಚ್ಚಿನ ಬೆಲೆ, ಹೆಚ್ಚಿನ ಸೇವೆ ಮತ್ತು ಕಡಮೆ ಆಯುಸ್ಸಿನ ಈ ವಸ್ತುವನ್ನು ‘ಇನ್ನೂ ಒಳ್ಳೆಯ ಗಡಿಯಾರ’ವೆಂದು ಮಾರುವುದು ಮಾತಿನ ಚಮತ್ಕಾರ ಮಾತ್ರ.

೫. ಫಲಿತಾಂಶ

ಮೇಲಣ ವಿವೇಚನೆಯಿಂದ ಹೊರಡುವ ಅಭಿಪ್ರಾಯವನ್ನು ಹೀಗೆ ಸಂಗ್ರಹಿಸಬಹುದು. ಯಾವ ಉಪಕರಣಕ್ಕೂ ಆರೈಕೆಯಿಲ್ಲದೆ ಬಾಳುವೆಯಿಲ್ಲ. ಹೊಸ ಉಪಕರಣವು ಆ ಆರೈಕೆಯನ್ನು ಇಲ್ಲವಾಗಿಸುವುದು ಅಪೂರ್ವ. ಬಹುತೇಕ ಅದನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುತ್ತದೆ. ಗಳಿಗೆಬಟ್ಟಲಿನಲ್ಲಿ ಅದು ಆಳಿನ ಕೈಯಲ್ಲಿತ್ತು. ಕೀಲಿಯ ಗಡಿಯಾರದಲ್ಲಿ ಒಡೆಯನ ಮತ್ತು ಬೀದಿಯ ಕುಶಲಿಯ ಕೈಯಲ್ಲಿ. ಸ್ಮಾರ್ಟ್‌ವಾಚಿನಲ್ಲಿ ಅದು ಸಮುದ್ರದಾಚೆಯ ಸಂಸ್ಥೆಯೊಂದರ ಕೈಗೆ ಹೋಗಿದೆ. ಬೆಣಚುಕಲ್ಲಿನ ಗಡಿಯಾರದಲ್ಲಿ ಆರೈಕೆಯು ನಿಜವಾಗಿ ಕಡಮೆಯಾಯಿತು, ಬೆಲೆಯೂ ಇಳಿಯಿತು. ಆದುದರಿಂದ ಅದನ್ನು ನಿಸ್ಸಂಕೋಚವಾಗಿ ಸುಧಾರಣೆಯೆಂದು ಕರೆಯಬೇಕು. ಹೊಸತೆಲ್ಲವೂ ಮೇಲೆಂಬ ಮಾತೂ ಹಳೆಯದೆಲ್ಲವೂ ಮೇಲೆಂಬ ಮಾತೂ ಈ ಒಂದೇ ಉದಾಹರಣೆಯಲ್ಲಿ ಬಿದ್ದುಹೋಗುತ್ತವೆ.

ಆರೈಕೆಯ ಅಧಿಕಾರವು ಬಳಸುವವನಿಗೆ ಮರಳಿ ಬರಬೇಕೆಂಬ ಅರಿವು ಈಗೀಗ ಕಾನೂನಿನ ರೂಪವನ್ನೂ ತಾಳುತ್ತಿದೆ. ೨೦೨೧ರಿಂದ ಫ್ರಾನ್ಸಿನಲ್ಲಿ ಮೊಬೈಲು, ಬಟ್ಟೆ ಒಗೆಯುವ ಯಂತ್ರ ಮೊದಲಾದ ಕೆಲವು ವಸ್ತುಗಳ ಮೇಲೆ, ಅವು ಎಷ್ಟು ಸುಲಭವಾಗಿ ರಿಪೇರಿಯಾಗಬಲ್ಲವೆಂಬುದಕ್ಕೆ ಹತ್ತಕ್ಕೆ ಇಷ್ಟೆಂದು ಅಂಕವನ್ನು ನಮೂದಿಸಬೇಕಾಯಿತು. ೨೦೨೨ರಲ್ಲಿ ಭಾರತ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು ರಿಪೇರಿಯ ಹಕ್ಕನ್ನು ಕುರಿತು ಸಮಿತಿಯೊಂದನ್ನು ನೇಮಿಸಿ, ಅದೇ ವರ್ಷ ತಯಾರಕರು ರಿಪೇರಿಯ ವಿವರಗಳನ್ನು ಜನರಿಗೆ ಒದಗಿಸುವುದಕ್ಕಾಗಿ ಜಾಲತಾಣವನ್ನೂ ತೆರೆಯಿತು. ಕೊಳ್ಳುವವನು ಬೆಲೆಯೊಡನೆ ‘ಇದರ ಬ್ಯಾಟರಿಯನ್ನು ಯಾರು ಬದಲಿಸುವರು, ಎಷ್ಟು ವರ್ಷ ಇದಕ್ಕೆ ತಂತ್ರಾಂಶ ದೊರೆಯುವುದು’ ಎಂದೂ ಅಂಗಡಿಯಲ್ಲಿ ಕೇಳತೊಡಗಿದರೆ, ಈ ಪ್ರಯತ್ನಗಳಿಗೆ ಬಲ ಬರುವುದು.

ಕೊನೆಯಲ್ಲಿ ಒಂದು ವ್ಯಾವಹಾರಿಕ ಸೂಚನೆ. ವಾಚಕರಲ್ಲಿ ಅನೇಕರ ಮನೆಯ ಪೆಟ್ಟಿಗೆಯಲ್ಲಿ ನಿಂತುಹೋದ ಎಚ್.ಎಂ.ಟಿ. ಗಡಿಯಾರವೊಂದು ಇದ್ದೀತು. ಒಣಗಿದ ಎಣ್ಣೆಯ ಮೇಲೆ ಅದಕ್ಕೆ ಹಾಗೆಯೇ ಕೀಲಿ ಕೊಟ್ಟು ನಡೆಸಬಾರದು, ಚಕ್ರಗಳು ಸವೆಯುತ್ತವೆ. ಈ ಕೆಲಸವನ್ನು ಬಲ್ಲ ಹಳೆಯ ಕುಶಲಿಗಳು ದೊಡ್ಡ ನಗರಗಳಲ್ಲಿ ಇನ್ನೂ ಇದ್ದಾರೆ. ಅಂಥವರಿಂದ ಬಿಚ್ಚಿಸಿ, ತೊಳೆಸಿ, ಎಣ್ಣೆ ಹಾಕಿಸಿದರೆ ಅದು ಮತ್ತೆ ನಡೆಯುವ ಸಂಭವವೇ ಹೆಚ್ಚು.